ಹುಳುಮನೆಯ ಹಸಿರು ಕಾರು

ನನ್ನ ಕಾರಿನಲ್ಲಿ ಕೂತವರಿಗೆ ಮೊದಲು ಕಾಣುತ್ತಿದ್ದದ್ದು ಎದುರಿನ ರಸ್ತೆಯಲ್ಲ, ಪಕ್ಕದ ಬಸ್ಸಿನ ಚಕ್ರ. ಅಷ್ಟು ತಗ್ಗು ಅದು. ಇಂಗ್ಲೆಂಡಿನಲ್ಲಿ ಹುಟ್ಟಿದ, ಎರಡೇ ಸೀಟಿನ, ತಲೆಯ ಮೇಲೆ ಕ್ಯಾನ್ವಾಸಿನ ಚಾವಣಿ ಎಳೆದುಕೊಳ್ಳುವ, ಕಡ್ಡಿ ಚಕ್ರದ ಹಸಿರು ಸ್ಪೋರ್ಟ್ಸ್ ಕಾರು. ವಯಸ್ಸಿನಲ್ಲಿ ನನಗಿಂತ ಹಿರಿದು. ಒಮ್ಮೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಮುಂದೆ ಜನಜಂಗುಳಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬಗ್ಗಿ ನೋಡಿ, "ಅಣ್ಣಾ, ಕೂತಿದೀಯೋ ಮಲಗಿದೀಯೋ?" ಎಂದು ಕೇಳಿದ. ಬಸ್ಸಿನವರೆಲ್ಲ ನಕ್ಕರು. ಕಿಟಕಿಯಿಂದ ಯಾರೋ ಬಿಟ್ಟ ಕಡಲೆಕಾಯಿ ಸಿಪ್ಪೆ ನೇರವಾಗಿ ನನ್ನ ತೊಡೆಯ ಮೇಲೆ ಬಂದು ಕೂತಿತು.

ಅದು ನಾನು ಕೊಂಡ ಕಾರಲ್ಲ. ಬೆಂಗಳೂರಿನಲ್ಲಿದ್ದ ನನ್ನ ಸೋದರಮಾವನದು, ಎಂದರೆ ಅಮ್ಮನ ತಮ್ಮನದು. ಅವರು ಮದುವೆಯಾಗಲಿಲ್ಲ, ಯಾಕೆ ಎಂದು ಕೇಳಿದವರನ್ನು ಕರೆದುಕೊಂಡು ಹೋಗಿ ಬಾನೆಟ್ಟು ಎತ್ತಿ ತೋರಿಸುತ್ತಿದ್ದರು. ವಯಸ್ಸಾದ ಮೇಲೆ ಮನೆ ಬಿಟ್ಟು ಫ್ಲ್ಯಾಟಿಗೆ ಹೋಗುವಾಗ ಅಲ್ಲಿ ಕಾರಿಗೆ ಜಾಗವಿರಲಿಲ್ಲ. ಹಾಗಾಗಿ ಅಕ್ಕನ ಮಗನ ಪಾಲಿಗೆ ಬಂತು. ಕೀಲಿ ಕೊಡುವಾಗ ಅವರು ಹೇಳಿದ್ದು ಇಷ್ಟೇ: ಬೆಳಿಗ್ಗೆ ಎಬ್ಬಿಸಿದ ಕೂಡಲೇ ಅವಸರ ಮಾಡಬೇಡ, ಮೈ ಕಾಯಿಸಿಕೊಳ್ಳಲಿ ಬಿಡು.

ನಮ್ಮದು ಮೇಲೂರು. ನಾನು ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸಾಮಾನ್ಯವಾಗಿ ಬಸ್ಸು, ಕಾರಿನ ಮನಸ್ಸು ಸರಿಯಿದ್ದ ದಿನ ಕಾರು. ಅದಕ್ಕೆ ಎರಡು ಕಾರ್ಬುರೇಟರುಗಳು. ಎರಡೂ ಒಂದೇ ಸಮ ಉಸಿರಾಡಿದರೆ ಮಾತ್ರ ಓಟ ಚೆಂದ. ಒಂದಕ್ಕೆ ಕೋಪ ಬಂದರೆ ಇನ್ನೊಂದೂ ಮುನಿಸಿಕೊಂಡು ಕೂರುತ್ತಿತ್ತು, ಒಂದೇ ಅಡುಗೆಮನೆಯ ಓರಗಿತ್ತಿಯರ ಹಾಗೆ. ನಿಂತ ಕಡೆಯಲ್ಲೆಲ್ಲ ನೆಲಕ್ಕೊಂದು ಎಣ್ಣೆಯ ಬೊಟ್ಟು ಇಟ್ಟು ಬರುವುದು ಅದರ ಅಭ್ಯಾಸ. ನಾನು ಊರಿನಲ್ಲಿ ಯಾರ ಮನೆ ಜಗುಲಿಯಲ್ಲಿ ಕೂತು ಹರಟೆ ಹೊಡೆದು ಬಂದೆ ಎನ್ನುವುದನ್ನು ನನ್ನ ಹೆಂಡತಿ ಬೊಟ್ಟು ನೋಡಿಯೇ ಹೇಳುತ್ತಿದ್ದಳು.

ಚಳಿದೇಶದಲ್ಲಿ ಹುಟ್ಟಿದ್ದರಿಂದ ಅದಕ್ಕೊಂದು ಹೀಟರೂ ಇತ್ತು. ಅದರ ವಾಲ್ವು ತೆರೆದಂತೆಯೇ ಕಚ್ಚಿಕೊಂಡು, ಏನು ಮಾಡಿದರೂ ಮುಚ್ಚದೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ನನ್ನ ಕಾಲಿಗೆ ಬಿಸಿಗಾಳಿ ಊದುತ್ತಿತ್ತು. ಚಿಂತಾಮಣಿಯಲ್ಲಿ ನಮ್ಮ ಕಾರು ನೋಡುತ್ತಿದ್ದ ಮೆಕ್ಯಾನಿಕ್ ಅರ್ಧ ತೆಲುಗು ಅರ್ಧ ಕನ್ನಡದ ಮನುಷ್ಯ. ಅವನೂ ಆ ವಾಲ್ವಿನ ಮುಂದೆ ಸೋತ. "ಇದಿ ಕಾರು ಕಾದು ಸಾರ್, ಕೊತ್ತ ಅಲ್ಲುಡು. ದಿನಕ್ಕೊಂದು ಕೇಳ್ತಾನೆ, ಕೊಡ್ಲಿಲ್ಲ ಅಂದ್ರೆ ಮೂತಿ ತಿರುಗಿಸ್ತಾನೆ" ಎಂದ. ಇದು ಕಾರಲ್ಲ, ಹೊಸ ಅಳಿಯ ಎನ್ನುವುದು ಅವನ ತೀರ್ಮಾನ.

ಆದರೂ ಹೊಸ ಅಳಿಯನ ಮೋಹ ನನಗಿತ್ತು. ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರ ದಾಟಿ ಮಂಚೇನಹಳ್ಳಿಯ ಕಡೆ ತಿರುಗಿದರೆ ಬೆಟ್ಟದ ಸಾಲು ಪಕ್ಕದಲ್ಲೇ ಓಡಿಬರುತ್ತದೆ. ಚಾವಣಿ ಮಡಚಿ, ಮೂರನೇ ಗೇರಿಗೆ ಇಳಿಸಿ ತಿರುವಿನಲ್ಲಿ ಬಿಟ್ಟರೆ ಆ ಇಂಜಿನ್ನು ಎದೆಯಿಂದ ಹಾಡುತ್ತಿತ್ತು. ಆ ಸುಖ ಮುಂದಿನ ಹಂಪಿನವರೆಗೆ ಮಾತ್ರ. ಆ ದಾರಿಯ ಹಂಪುಗಳೆಲ್ಲ ನನಗೆ ಬಾಯಿಪಾಠ. ಕೆಲವನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು. ಕೆಲವಕ್ಕೆ ಹೆಂಡತಿ ಇಳಿದು ನಡೆಯಬೇಕು. "ರೀ, ನೀವು ನನ್ನನ್ನ ಕಾರಲ್ಲಿ ಕರ್ಕೊಂಡು ಹೋಗ್ತಿದೀರೋ, ನಾನು ಕಾರನ್ನ ನಡೆಸ್ಕೊಂಡು ಹೋಗ್ತಿದೀನೋ?" ಎಂದು ಅವಳು ಕೇಳುತ್ತಿದ್ದಳು.

ಕಾರು ಮಲಗುತ್ತಿದ್ದದ್ದು ನಮ್ಮ ಹುಳುಮನೆಯಲ್ಲಿ. ನಮ್ಮ ಕಡೆ ರೇಷ್ಮೆ ಹುಳು ಸಾಕುವವರ ಹಿತ್ತಲಲ್ಲೆಲ್ಲ ಇಂಥದೊಂದು ಪ್ರತ್ಯೇಕ ಕಟ್ಟಡವಿರುತ್ತದೆ: ಉದ್ದನೆಯ ಕೋಣೆ, ಎತ್ತರದ ಕಿಟಕಿ, ತಂಪು ನೆಲ. ಅಪ್ಪ ತೀರಿಹೋದ ಮೇಲೆ ಅಮ್ಮ ಹುಳು ಸಾಕುವುದನ್ನು ಬಿಟ್ಟು, ತೋಟದ ಸೊಪ್ಪನ್ನು ಬೇರೆಯವರಿಗೆ ಮಾರುತ್ತಿದ್ದಳು. ಕೋಣೆ ಖಾಲಿ ಬಿದ್ದಿತ್ತು, ಕಾರು ಸೇರಿಕೊಂಡಿತು. ಬಯಲಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ಒಂದೇ ಒಂದು ಮಧ್ಯಾಹ್ನ ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದಕ್ಕೆ ಕೋತಿಗಳ ಒಂದು ಸಂಸಾರವೇ ಇಳಿದು ಬಂದು ಕ್ಯಾನ್ವಾಸನ್ನು ಎಳೆಎಳೆಯಾಗಿ ಹರಿದು ಹಾಕಿತ್ತು. ಹೊಸ ಶೆಡ್ಡು ಹಾಕೋಣವೆಂದರೆ ಮನೆಯ ಮುಂದೆ ಸೊಪ್ಪಿನ ಗಾಡಿ ತಿರುಗಬೇಕು, ಹಿಂದೆ ದಾಯಾದಿಗಳ ಗೋಡೆ.

ಒಂದು ಸಂಜೆ ಅಮ್ಮ ಕಾಫಿ ಲೋಟ ಕೈಗೆ ಕೊಡುತ್ತಾ, "ಹುಳುಮನೆ ತೊಳೀಬೇಕು ಕಣಪ್ಪ" ಎಂದಳು.

ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ತೋಟದಲ್ಲಿ ಹಿಪ್ಪುನೇರಳೆ ಸೊಂಪಾಗಿ ಬಂದಿತ್ತು. ಅಮ್ಮ ಕೆಲವು ದಿನಗಳಿಂದ ಸೊಪ್ಪಿನ ನಡುವೆ ಸುಮ್ಮನೆ ಓಡಾಡಿಕೊಂಡು, ಎಲೆ ಮುರಿದು, ಮೂಸಿ ನೋಡಿ ಬರುತ್ತಿದ್ದುದನ್ನು ನಾನೂ ಕಂಡಿದ್ದೆ. ಒಂದು ಬೆಳೆಯಾದರೂ ತನ್ನ ಕೈಯಾರೆ ಸಾಕಬೇಕು, ಕೈ ಕಟ್ಟಿ ಕೂತು ಬೇಸರ ಬಂದಿದೆ ಎಂದಳು. ಹುಳುಮನೆ ಎಂದರೆ ಅವಳಿಗೆ ದೇವರಮನೆಗಿಂತ ಒಂದು ತೂಕ ಹೆಚ್ಚು. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಕೈ ತೊಳೆದೇ ಒಳಗೆ ಹೋಗಬೇಕು. ಪೌಡರು, ಬೀಡಿ, ಸೀಮೆಎಣ್ಣೆ, ಯಾವ ವಾಸನೆಯೂ ಹುಳುವಿಗೆ ಆಗದು. ಇನ್ನು ಪೆಟ್ರೋಲು? "ಕಾರನ್ನ ಪಕ್ಕದಲ್ಲಿ ನಿಲ್ಸೋದೂ ಬೇಡ. ನಿನ್ನ ಕೈನೇ ಹುಳಕ್ಕೆ ಆಗಲ್ಲ" ಎಂದಳು.

ಅಲ್ಲಿಗೆ ಇತ್ಯರ್ಥವಾಯಿತು: ಹುಳು ಬರಬೇಕಾದರೆ ಕಾರು ಹೋಗಬೇಕು.

ಜಾಗ ಹುಡುಕಿ ನಾನು ಸುತ್ತದ ಕಡೆಯಿಲ್ಲ. ಶಿಡ್ಲಘಟ್ಟದಲ್ಲೊಂದು ಗೋದಾಮು ಸಿಕ್ಕಿತು. ಅದರ ಬಾಗಿಲಿಗೆ ಮೂರು ಮೆಟ್ಟಿಲು. ಚಿಂತಾಮಣಿಯ ಸ್ನೇಹಿತನೊಬ್ಬ ತನ್ನ ದನದ ಕೊಟ್ಟಿಗೆಯಲ್ಲಿ ಜಾಗ ಬಿಡುತ್ತೇನೆಂದ. ಹಸು ಸೀಟಿನ ಚರ್ಮ ನೆಕ್ಕತೊಡಗಿದ್ದನ್ನು ನೋಡಿ ನಾನೇ ವಾಪಸು ತಂದೆ. ಕೊನೆಗೆ ಎಲ್ಲ ಕಷ್ಟಗಳಿಗೂ ನಮ್ಮ ಮನೆಯವರು ಮಾಡುವುದನ್ನೇ ಮಾಡಿದೆ. ಕಾರನ್ನು ವಿದುರಾಶ್ವತ್ಥಕ್ಕೆ ಒಯ್ದು ಪೂಜೆ ಮಾಡಿಸಿದೆ.

ಪೂಜೆ ಮುಗಿಸಿ ಬಂದಾಗ ಕಾರಿನ ಪಕ್ಕದಲ್ಲಿ ಒಬ್ಬರು ಮೊಣಕಾಲೂರಿ ಕೂತಿದ್ದರು. ಗೌರಿಬಿದನೂರಿನ ಹಲ್ಲಿನ ಡಾಕ್ಟರು. ಯಾರದೋ ಬಾಯಿ ನೋಡುವ ಹಾಗೆ ತಲೆ ಓರೆ ಮಾಡಿ ಮುಂದಿನ ಗ್ರಿಲ್ಲಿನೊಳಗೆ ನೋಡುತ್ತಿದ್ದರು. ಕಾಲೇಜಿನ ದಿನಗಳಲ್ಲಿ ಇಂಥದೇ ಕಾರಿನ ಹಿಂದೆ ಸೈಕಲ್ಲಿನಲ್ಲಿ ಓಡಿದ್ದರಂತೆ. ಅವರ ಮನೆಯಲ್ಲಿ ಒಳ್ಳೆಯ ಶೆಡ್ಡಿತ್ತು, ಮೆಟ್ಟಿಲಿರಲಿಲ್ಲ, ಹಸುವಿರಲಿಲ್ಲ, ಅಮ್ಮನ ಹುಳುವೂ ಇರಲಿಲ್ಲ. ಮರದ ನೆರಳಿನಲ್ಲಿ ಮಾತಾಡುತ್ತಾ ಮಾತಾಡುತ್ತಾ ಕಾರನ್ನು ನನಗೆ ಮಾರುತ್ತೀರಾ ಎಂದು ಅವರು ಕೇಳಿಯೇಬಿಟ್ಟರು. ನಾನೂ ಒಪ್ಪಿದೆ. ಸಂಕ್ರಾಂತಿ ಕಳೆದ ಮೇಲೆ ಬಂದು ಒಯ್ಯುವುದು ಎಂದು ಮಾತಾಯಿತು. ಒಬ್ಬನೇ ಮನೆಗೆ ವಾಪಸು ಓಡಿಸಿಕೊಂಡು ಬರುವಾಗ ಮಂಚೇನಹಳ್ಳಿಯ ಒಂದೊಂದು ಹಂಪನ್ನೂ ಎಂದಿಗಿಂತ ನಿಧಾನವಾಗಿ ದಾಟಿಸಿದೆ.

ಅಷ್ಟು ದಿನದ ಮಟ್ಟಿಗೆ ಕಾರು ಮನೆಯ ಮುಂದಿನ ಅಂಗಳಕ್ಕೆ ಬಂತು, ಮೇಲೆ ಟಾರ್ಪಾಲು ಬಿತ್ತು. ಅಮ್ಮ ಹುಳುಮನೆಯನ್ನು ತೊಳೆದದ್ದೇ ತೊಳೆದದ್ದು. ನನ್ನ ಎಣ್ಣೆಯ ಬೊಟ್ಟುಗಳನ್ನು ಒಂದೊಂದಾಗಿ ಉಜ್ಜಿ ತೆಗೆದಳು.

ಮರಿ ಹುಳು ಬರಬೇಕಾಗಿದ್ದ ದಿನ ಧನುರ್ಮಾಸದ ಕೆಟ್ಟ ಚಳಿ. ಮೊಟ್ಟೆಯಿಂದ ಹೊರಬಂದ ಹುಳುವನ್ನು ಸ್ವಲ್ಪ ದಿನ ಚಾಕಿ ಕೇಂದ್ರದಲ್ಲಿ ಸಾಕಿ, ಎರಡನೇ ಜ್ವರದಿಂದ ಎದ್ದ ಮೇಲೆ ರೈತರಿಗೆ ಕೊಡುತ್ತಾರೆ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಹೊತ್ತು. ನಮ್ಮ ಕೇಂದ್ರ ಇದ್ದದ್ದು ಕೈವಾರದ ಹತ್ತಿರ. ಬೆಳಿಗ್ಗೆ ಅಲ್ಲಿಂದ ಫೋನು ಬಂತು: ಹುಳು ಎದ್ದಿದೆ, ನಮ್ಮ ವ್ಯಾನು ಏಳುತ್ತಿಲ್ಲ. ಏರುಬಿಸಿಲಾಗುವ ಮೊದಲು ನೀವೇ ಬಂದು ಒಯ್ಯಿರಿ, ಹುಳು ಹಸಿದಿರುತ್ತದೆ. ಪಕ್ಕದ ಮನೆಯ ಟೆಂಪೋ ರೇಷ್ಮೆಗೂಡು ಹೇರಿಕೊಂಡು ಮಾರ್ಕೆಟ್ಟಿಗೆ ಹೋಗಿತ್ತು. ಟೆಂಪೋ ಇದ್ದ ಇನ್ನೊಬ್ಬರು ಫೋನೇ ಎತ್ತಲಿಲ್ಲ. ಚಳಿ ತಾಗಿದರೆ ಮರಿ ಹುಳು ಸೊಪ್ಪು ತಿನ್ನುವುದನ್ನೇ ಬಿಡುತ್ತದೆ, ಆಮೇಲೆ ಆ ಬೆಳೆಯ ಆಸೆಯನ್ನೇ ಬಿಡಬೇಕು. ಅಮ್ಮ ಸೆರಗು ಬಿಗಿದುಕೊಂಡು ಅಂಗಳದಲ್ಲಿ ನಿಂತಿದ್ದಳು.

ಅವಳೇ ಹೋಗಿ ಟಾರ್ಪಾಲು ಎಳೆದಳು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮೂಸಿದಳು. ಡಿಕ್ಕಿಯ ಹತ್ತಿರ ಮೂಗು ಮುಚ್ಚಿಕೊಂಡಳು. ಎಡಗಡೆಯ ಸೀಟಿನ ಹತ್ತಿರ ನಿಂತು ಮತ್ತೆ ಮೂಸಿದಳು. ಚಾವಣಿಯನ್ನು ಕೋತಿಗಳು ಆಗಲೇ ವಿಲೇವಾರಿ ಮಾಡಿದ್ದರಿಂದ ಅಲ್ಲಿ ಗಾಳಿ ಧಾರಾಳವಾಗಿತ್ತು. "ಇಲ್ಲಿ ವಾಸನೆ ನಿಲ್ಲಲ್ಲ" ಎಂದಳು. ಆಮೇಲೆ, "ಚಳಿಗೇನು ಮಾಡೋದು?"

ಇಂಜಿನ್ನು ಶುರು ಮಾಡಿ, ಮಾವ ಹೇಳಿದ ಹಾಗೆ ಮೈ ಕಾಯಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ಆ ದರಿದ್ರ ಹೀಟರು ತನ್ನ ಕೆಲಸ ಶುರು ಮಾಡಿತು. ಅಮ್ಮ ಬಗ್ಗಿ ಅಂಗೈ ಒಡ್ಡಿ ನೋಡಿದಳು. ಹುಳುಮನೆಯ ಶಾಖವನ್ನು ಅಂಗೈಯಲ್ಲಿ ಅಳೆದು ಬದುಕಿದವಳು.

"ಒಳ್ಳೇ ಒಲೆ ಕಣಪ್ಪ ಇದು. ನಡಿ" ಎಂದು ಕಂಬಳಿ ತಂದು ಕೂತಳು.

ಕೈವಾರದಿಂದ ವಾಪಸು ಬಂದ ಆ ಪ್ರಯಾಣವನ್ನು ನಾನು ಮರೆಯಲಾರೆ. ಅಮ್ಮನ ತೊಡೆಯ ಮೇಲೆ ಹುಳುವಿನ ಟ್ರೇಗಳು, ಅವುಗಳ ಮೇಲೆ ಹತ್ತಿಯ ಬಟ್ಟೆ, ಅದರ ಸುತ್ತ ಬಿಡಾರದ ಹಾಗೆ ಕಂಬಳಿ, ಕೆಳಗಿನಿಂದ ಇಂಗ್ಲೆಂಡಿನ ಬಿಸಿಗಾಳಿ. ಎತ್ತಿನ ಗಾಡಿಯ ಹಾಗೆ ಹೋಗಬೇಕು ಎಂದು ಅಪ್ಪಣೆಯಾಗಿತ್ತು. ನಾನು ಎರಡನೇ ಗೇರು ದಾಟಲಿಲ್ಲ. ಸೊಪ್ಪು ಹೇರಿಕೊಂಡ ಮೊಪೆಡ್ಡುಗಳು ನಮ್ಮನ್ನು ಹಿಂದೆ ಹಾಕಿದವು. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಇಳಿಜಾರಿನಲ್ಲಿ ಮುಂದೆ ಹೋಗಿ, ಹಿಂತಿರುಗಿ ನೋಡಿ, ಅಯ್ಯೋ ಪಾಪ ಎನ್ನುವ ಮುಖ ಮಾಡಿದ. ಅಮ್ಮ ಆಗಾಗ ಬಟ್ಟೆಯ ಕೆಳಗೆ ಕೈಯಿಟ್ಟು ನೋಡುತ್ತಾ, "ಬೆಚ್ಚಗಿದಾವೆ" ಎನ್ನುತ್ತಿದ್ದಳು. ಶಿಡ್ಲಘಟ್ಟ ದಾಟಿದ ಮೇಲೆ, "ನನ್ನ ಮಂಡಿಗೂ ಹಿತವಾಗೈತೆ" ಎಂದಳು.

ನಮ್ಮ ಮನೆಯಲ್ಲಿ ಹುಳುವನ್ನು ಬರಮಾಡಿಕೊಳ್ಳುವುದು ಮಗಳು ತವರಿಗೆ ಬಂದ ಹಾಗೆ. ಹೆಂಡತಿ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದಳು. ಟ್ರೇಗಳಿಗೆ ಎತ್ತಿದಳು. ಆರತಿಯ ನೀರು ಚೆಲ್ಲಲು ಹೊರಟಾಗ ಅಮ್ಮ, "ತಡಿಯೇ, ಅದಕ್ಕೂ ಎತ್ತು" ಎಂದು ಕಾರಿನ ಕಡೆ ಕೈ ತೋರಿಸಿದಳು.

ಹುಳು ಚೆನ್ನಾಗಿ ತಿಂದಿತು, ನೂಲು ಬಿಡುವಷ್ಟು ಚೆನ್ನಾಗಿ ಹಣ್ಣಾಯಿತು, ಬಿದಿರಿನ ಚಂದ್ರಿಕೆ ತಟ್ಟಿಗಳ ತುಂಬ ಗೂಡು ಕಟ್ಟಿತು. ಬೆಳೆ ಇಳಿಸಿದ ದಿನ ಅಮ್ಮನ ನಡಿಗೆಯೇ ಬೇರೆಯಾಗಿತ್ತು. ಅದೇ ವಾರ ಡಾಕ್ಟರ ಫೋನು ಬಂತು. ಈಗ ಬೇಡವೆಂದರೆ ಹೇಗೆ ಎಂದು ನಾನು ಅಮ್ಮನನ್ನು ಕೇಳಿದ್ದೂ ಹೌದು. ಅವಳು ಒಪ್ಪಲಿಲ್ಲ. ಮಾತು ಕೊಟ್ಟ ಮೇಲೆ ಕೊಟ್ಟ ಹಾಗೆ. ಜೊತೆಗೆ ಮುಂದಿನ ಬೆಳೆಗೂ ಹುಳುಮನೆ ಬೇಕು, ಅಂಗಳದಲ್ಲಿ ಬಿಸಿಲುಮಳೆಗೆ ಇಟ್ಟು ಕೊಲ್ಲುವುದು ಯಾವ ನ್ಯಾಯ ಎಂದಳು.

ಡಾಕ್ಟರು ಹೆಂಡತಿಯ ಜೊತೆ ಬಂದರು. ಊಟವಾಯಿತು. ಕೀಲಿ ಕೊಟ್ಟೆ. ವಾಲ್ವಿನ ವಿಷಯ, ಓರಗಿತ್ತಿಯರ ವಿಷಯ, ಮಂಚೇನಹಳ್ಳಿಯ ಹಂಪುಗಳ ವಿಷಯ ಎಲ್ಲ ಹೇಳಿದೆ, ಹೇಳಿದ್ದನ್ನೇ ಮತ್ತೆ ಹೇಳಿದೆ. ಅಷ್ಟರಲ್ಲಿ ಅಮ್ಮ ಮೊರ ಹಿಡಿದು ಬಂದಳು. ಅಕ್ಕಿ, ಬೆಲ್ಲದ ಅಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ರವಿಕೆ ಕಣ. ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟಳು. ತಾನು ಹುಳು ಹಿಡಿದು ಕೂತಿದ್ದ ಸೀಟಿನ ಮೇಲೆ ರವಿಕೆ ಕಣ ಹಾಸಿ, ಅಕ್ಕಿ ಸುರಿದು, ಕಾಯಿ ಬೆಲ್ಲ ಇಟ್ಟು, ಗಂಟು ಕಟ್ಟಿದಳು. ಮಡಿಲಕ್ಕಿ.

ಡಾಕ್ಟರು ನನ್ನ ಮುಖ ನೋಡಿದರು. ಮೊದಲು ಅರ್ಥವಾದದ್ದು ಅವರ ಹೆಂಡತಿಗೆ. ಆಕೆ ನಗಲಿಲ್ಲ. ಗಂಟು ಸಡಿಲಿಸಿ, ಒಂದು ಹಿಡಿ ಅಕ್ಕಿ ತೆಗೆದು, ತವರಿನ ಪಾಲೆಂದು ಅಮ್ಮನ ಮೊರಕ್ಕೆ ವಾಪಸು ಹಾಕಿದರು, ಕಾರಿನ ಪರವಾಗಿ.

"ನೋಡಪ್ಪ ಡಾಕ್ಟ್ರೇ, ಮಡಿಲು ತುಂಬಿ ಕಳಿಸ್ತಿದೀನಿ. ಗೌರಿ ಹಬ್ಬಕ್ಕೆ ಕರ್ಕೊಂಡು ಬರ್ಬೇಕು" ಎಂದಳು ಅಮ್ಮ.

"ಬರ್ತೀವಮ್ಮ. ಬರದೆ ಇದ್ರೆ ಇವಳು ಬಿಡ್ತಾಳಾ?" ಎಂದು ಡಾಕ್ಟರು ಹೆಂಡತಿಯ ಕಡೆ ನೋಡಿದರು.

ನಾನು ಅದನ್ನು ಮಾತಿಗೆ ಆಡಿದ ಮಾತು ಅಂದುಕೊಂಡಿದ್ದೆ. ಬೀದಿಯ ತಿರುವಿನಲ್ಲಿ ಹಸಿರು ಬಣ್ಣ ಮರೆಯಾಗುವಾಗ ನೆಲದ ಮೇಲೆ ಉಳಿದಿದ್ದ ಎಣ್ಣೆಯ ಬೊಟ್ಟನ್ನು ಒರೆಸಲು ಹೆಂಡತಿಯನ್ನೂ ಬಿಡಲಿಲ್ಲ. ಆದರೆ ಗೌರಿ ಹಬ್ಬದ ಬೆಳಿಗ್ಗೆ, ಹೂರಣ ರುಬ್ಬುವ ಹೊತ್ತಿಗೆ, ಬೀದಿಯಲ್ಲಿ ಆ ಎದೆಯ ಹಾಡು ಕೇಳಿಸಿತು. ಆವತ್ತಿನಿಂದ ಇವತ್ತಿನವರೆಗೆ ಪ್ರತಿ ಹಬ್ಬಕ್ಕೂ ಬರುತ್ತಾರೆ. ಹೊಸ ಕ್ಯಾನ್ವಾಸು ಹಾಕಿಸಿದ್ದಾರೆ, ಚಕ್ರದ ಕಡ್ಡಿಗಳು ಹಲ್ಲಿನ ಹಾಗೆ ಹೊಳೆಯುತ್ತವೆ. ವಾಲ್ವು ಮಾತ್ರ ಹಾಗೇ ಇದೆ. ಹೊಸದು ಸಿಕ್ಕಿದರೂ ಡಾಕ್ಟರು ಹಾಕಿಸಿಲ್ಲ. ಅಮ್ಮ ಅವರನ್ನು ಜಗುಲಿಯಲ್ಲಿ ಕೂರಿಸಿಕೊಂಡು, ಬೀಗಿತ್ತಿಯ ಗತ್ತಿನಲ್ಲಿ ವಿಚಾರಿಸುತ್ತಾಳೆ: ಎಣ್ಣೆ ಕುಡಿಯುತ್ತಾಳಾ, ಬೆಳಿಗ್ಗೆ ಬೇಗ ಏಳುತ್ತಾಳಾ, ದಾರಿಯಲ್ಲಿ ಹಠ ಮಾಡುತ್ತಾಳಾ. ಮೆಕ್ಯಾನಿಕ್ಕಿಗೆ ಅಳಿಯನಾಗಿದ್ದದ್ದು ಅಮ್ಮನ ಬಾಯಲ್ಲಿ ಮಗಳಾಗಿದೆ.

ಈ ಸಲ ಒಬ್ಬಟ್ಟಿನ ಊಟ ಮುಗಿದ ಮೇಲೆ ಡಾಕ್ಟರು ಎಂದಿನಂತೆ ಒಂದು ಸುತ್ತು ಹೋಗಿ ಬನ್ನಿ ಎಂದು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ನಾನು ಹೊರಡುವ ಮೊದಲೇ ಅಮ್ಮ ಬಂದು ಎಡಗಡೆ ಕೂತಿದ್ದಳು, ಹೊಸ ಸೀರೆಯ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು. ಅಭ್ಯಾಸಬಲ, ನಾನು ಎರಡನೇ ಗೇರಿನಲ್ಲೇ ಊರು ದಾಟಿಸಿದೆ. ಕೆರೆ ಏರಿಯ ಹತ್ತಿರ ಒಂದು ಮೊಪೆಡ್ಡು ನಮ್ಮನ್ನು ಹಿಂದೆ ಹಾಕಿತು. ಅಮ್ಮ ಅದನ್ನು ನೋಡಿದಳು, ಖಾಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೂ ನೋಡಿದಳು.

"ಇವತ್ತು ಹುಳ ಇಲ್ವಲ್ಲೋ" ಎಂದಳು. "ಸ್ವಲ್ಪ ಜೋರಾಗೇ ಬಿಡು."