ಟವೆಲ್ಲಿನ ಅಡಿಯ ಬೆರಳುಗಳು

ನಮ್ಮ ಕೊಬ್ಬರಿ ಮಂಡಿಯ ಗೋಡೆಯ ಮೇಲೆ ಎರಡು ಕೊಕ್ಕರೆಗಳ ಒಂದು ಕಸೂತಿಪಟವಿದೆ. ಮೊನ್ನೆ ಕೆಂಕೆರೆಯಿಂದ ಕೊಬ್ಬರಿ ತಂದ ಸಿದ್ದಮ್ಮ ಅದನ್ನೇ ನೋಡುತ್ತಾ, "ಇದ್ನ ಎಷ್ಟಕ್ಕೆ ಇಳ್ಸಿ ತಂದ್ರಿ ಸಾವ್ಕಾರ್ರೇ?" ಎಂದಳು. ನನ್ನ ಕೀರ್ತಿ ಅಂಥದ್ದು. ಸ್ವಂತ ಮದುವೆಯಲ್ಲಿ ಓಲಗದವರೊಂದಿಗೆ ಚೌಕಾಸಿ ಮಾಡುತ್ತಾ ಮುಹೂರ್ತ ಮೀರಿಸಿದವನು ನಾನು.

ಕೆಲವು ವರ್ಷಗಳ ಹಿಂದೆ ಗಿರಾಕಿ ಹುಡುಕಿಕೊಂಡು ನಾನೂ ಹೊನ್ನವಳ್ಳಿಯ ಗೆಳೆಯ ಶಿವಣ್ಣನೂ ದುಬೈಗೆ ಹೋಗಿದ್ದೆವು. ನಮ್ಮ ಉಂಡೆ ಕೊಬ್ಬರಿಯನ್ನು ಅಲ್ಲಿಯವರು ಚೆಂಡಿನಂತೆ ಉರುಳಿಸಿ ನೋಡಿ ಕೈಬಿಟ್ಟರು. ಬೇಸರದಲ್ಲಿ ಒಂದು ಹೋಟೆಲು ಹೊಕ್ಕೆವು. ಒಬ್ಬನೇ ದೊರೆ ಆಳುವ ಯಾವುದೋ ದೂರದೇಶದ ಹುಡುಗಿಯರು ಅಲ್ಲಿ ಹಾಡುತ್ತಲೂ ಇದ್ದರು, ಬಡಿಸುತ್ತಲೂ ಇದ್ದರು. ಅಲ್ಲಿನ ಗೋಡೆಯ ಮೇಲಿದ್ದ ಈ ಕೊಕ್ಕರೆಗಳ ಕಸೂತಿ ಮಾರಾಟಕ್ಕಿತ್ತು. ಬಡಿಸುವ ಹುಡುಗಿ ಬೆಲೆ ಹೇಳಿದಳು, ನಾನು ಅರ್ಧಕ್ಕೆ ಕೇಳಿದೆ. ಎರಡು ಸಲ ಎದ್ದು ಬಾಗಿಲವರೆಗೂ ಹೋದೆ. ಅವಳು ಮೂಲೆಯಲ್ಲಿ ಕೂತಿದ್ದ ಮೇಲ್ವಿಚಾರಕನತ್ತ ನೋಡಿ, ಕಣ್ಣು ತಗ್ಗಿಸಿ ಒಪ್ಪಿದಳು.

ನಾವು ತಂಗಿದ್ದ ಲಾಡ್ಜಿನ ಯಜಮಾನರು ಮಂಗಳೂರಿನವರು. ನನ್ನ ಪ್ರತಾಪ ಕೇಳಿ ಅವರು ನಗಲಿಲ್ಲ. ಆ ಹೋಟೆಲು ನಡೆಸುವುದು ಆ ಹುಡುಗಿಯರ ದೇಶದ ಸರ್ಕಾರದ ಒಂದು ಗುಟ್ಟಿನ ಕಚೇರಿಯಂತೆ. ಕಳ್ಳ ಸಿಗರೇಟಿನಿಂದ ಹಿಡಿದು ಈ ಹುಡುಗಿಯರ ದುಡಿಮೆಯವರೆಗೆ ಎಲ್ಲದರ ಡಾಲರೂ ಅದರ ಮೂಲಕ ನೇರ ದೊರೆಯ ಪೆಟ್ಟಿಗೆಗೆ. ಪಾಸ್‌ಪೋರ್ಟು ಮೇಲ್ವಿಚಾರಕನ ಕೈಯಲ್ಲಿ, ತಂದೆತಾಯಿ ಊರಿನಲ್ಲಿ ಒತ್ತೆ. "ತಿಂಗಳಿಗೆ ಇಷ್ಟು ಅಂತ ಕಟ್ಟಲೇಬೇಕು. ನೀವು ಇಳಿಸಿದ್ದನ್ನು ಆ ಹುಡುಗಿ ತುಂಬಬೇಕು, ಮಾರಾಯ್ರೇ."

"ಗೆದ್ದೆ ಗೆದ್ದೆ ಅಂತಿದ್ಯಲ್ಲ, ಯಾರ್ ತಾವ ಗೆದ್ದೆ ಹೇಳ್ಲಾ," ಎಂದ ಶಿವಣ್ಣ.

ಮರುದಿನ ಮತ್ತೆ ಆ ಹೋಟೆಲಿಗೆ ಹೋದೆ. ನಮ್ಮ ಕಡೆ ದನದ ವ್ಯಾಪಾರದಲ್ಲಿ ಕೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದೇ ಬೆಲೆ ಕುದುರಿಸುತ್ತಾರೆ. ನಿಂತು ನೋಡುವವರಿಗೆ ಏನೂ ತಿಳಿಯುವುದಿಲ್ಲ. ಅದೇ ಜಾಣತನದಲ್ಲಿ ಉಳಿದರ್ಧದ ನೋಟುಗಳನ್ನು ಮುಷ್ಟಿಯಲ್ಲಿಟ್ಟು, ಟವೆಲ್ ಹೊದಿಸಿ ಆ ಹುಡುಗಿಯತ್ತ ಕೈ ಚಾಚಿದೆ. ಅವಳ ಕೈ ಒಳಗೆ ಬಂತು. ನನ್ನ ಬೆರಳುಗಳನ್ನು ಒಂದೊಂದಾಗಿ ನೋಟಿನ ಮೇಲೆ ಮಡಚಿ, ಗಟ್ಟಿಯಾಗಿ ಅದುಮಿ ಹಿಂದಕ್ಕೆ ತಳ್ಳಿತು. ಮುಖ ಮಾತ್ರ ನಗುತ್ತಲೇ ಇತ್ತು. ಲೆಕ್ಕದಲ್ಲಿ ಕಡಿಮೆ ಬಿದ್ದದ್ದಕ್ಕಿಂತ ಬಚ್ಚಿಟ್ಟ ದುಡ್ಡು ಸಿಕ್ಕಿಬಿದ್ದರೆ ಅವಳಿಗೆ ಅಪಾಯ ದೊಡ್ಡದು. ಇಷ್ಟು ಸ್ಪಷ್ಟವಾಗಿ 'ಬೇಡ' ಎಂದು ಯಾವ ದಲ್ಲಾಳಿಯೂ ನನಗೆ ಹೇಳಿರಲಿಲ್ಲ.

ನೇರ ಮೇಲ್ವಿಚಾರಕನ ಮೇಜಿಗೆ ಹೋದೆ. ನಿನ್ನೆ ತಪ್ಪಿ ಕಡಿಮೆ ಕೊಟ್ಟೆನೆಂದು ಹರಕು ಇಂಗ್ಲಿಷಿನಲ್ಲಿ ಹೇಳಿ ದುಡ್ಡಿಟ್ಟೆ. ಅವನು ಅವಳ ಹೆಸರಿಗೇ ಬರೆದುಕೊಂಡ. ಅದೂ ಆ ದೊರೆಯ ಪೆಟ್ಟಿಗೆಗೇ ಹೋಯಿತು, ಬಲ್ಲೆ. ದೊರೆಗೆ ಕೊಡದೆ ಅವಳನ್ನು ಉಳಿಸುವ ದಾರಿ ಈ ವ್ಯಾಪಾರಿಯ ಬುದ್ಧಿಗೆ ಇವತ್ತಿಗೂ ಹೊಳೆದಿಲ್ಲ. ಆದರೆ ಒಂದು ಮಾತು ನಿಮಗೂ ಹೇಳುತ್ತೇನೆ: ಚೌಕಾಸಿ ಮಾಡಿ, ಬೇಡವೆನ್ನುವುದಿಲ್ಲ, ಮೊದಲು ಮಾರುವವರ ಹಿಂದೆ ಯಾರು ನಿಂತಿದ್ದಾರೆ ನೋಡಿಕೊಳ್ಳಿ.

ಮೊನ್ನೆ ಸಿದ್ದಮ್ಮನ ಹಿಂದೆ, ಬಾಗಿಲಲ್ಲಿ, ಅವಳ ಮೈದುನ ಲೆಕ್ಕ ಕೇಳುವವನಂತೆ ತಕ್ಕಡಿಯ ಮೇಲೇ ಕಣ್ಣಿಟ್ಟು ನಿಂತಿದ್ದ. ಬೇಡವೆಂಬಂತೆ ಮೂಟೆಯನ್ನು ಕಾಲಿನಿಂದ ಅತ್ತ ಸರಿಸುವುದು ಚೌಕಾಸಿಯಲ್ಲಿ ನನ್ನ ಮೊದಲ ಪಟ್ಟು. ಅವತ್ತು ಕಾಲು ಏಳಲಿಲ್ಲ. ಅವಳು ಹೇಳಿದ ಬೆಲೆಗೇ ಹೂಂ ಎಂದೆ.

ಸಿದ್ದಮ್ಮ ನನ್ನ ಮುಖವನ್ನೇ ದಿಟ್ಟಿಸಿದಳು. "ಯಾಕ್ ಸಾವ್ಕಾರ್ರೇ, ಮೈಗ್ ಹುಷಾರಿಲ್ವಾ?"