ದೇವರಿಗೆ ಬಿಟ್ಟ ಡೈನೋಸಾರು

ಹಿತ್ತಿಲ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ವರ್ಷಕ್ಕಾಗುವಷ್ಟು ಖಾರದ ಪುಡಿ ಮಾಡಿಸುವ ಕೆಲಸ, ಬೆರಳೆಲ್ಲ ಉರಿ. ಆಗ ಪಕ್ಕದ ಮನೆಯ ಮೆಕ್ಯಾನಿಕ್ ಸಾಹೇಬರ ಮಗಳು ನಮ್ಮ ನಡುಮನೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತಳು. ದುಪಟ್ಟಾದ ತುದಿ ಬಾಯಿಗೆ ಒತ್ತಿಕೊಂಡಿದ್ದಳು.

"ಆಂಟಿ, ಅದು ಸತ್ತೋಯ್ತು. ಕಸಂ, ಸಾಯ್ಲಿ ಅಂತ ಹೊಡೀಲಿಲ್ಲ ನಾನು. ದಾಳ ಹಂಗೆ ಬಿತ್ತು."

"ಏನೇ ಸತ್ತಿದ್ದು?"

"ತಾತಂದು. ಡೈನೋಸಾರು."

ಖಾರದ ಕೈ ಎಂಬುದನ್ನು ಮರೆತು ಹಣೆ ಒತ್ತಿಕೊಂಡೆ. ಕಣ್ಣಿಗೆ ಹತ್ತಲಿಲ್ಲ. ಅದೊಂದು ಭಗವಂತನ ದಯೆ. ಆ ದಿನದ ಮಿಕ್ಕ ದಯೆಗಳನ್ನು ಮಾತ್ರ ಹುಡುಕಿ ತೆಗೆಯಬೇಕಾಯಿತು.

ಇಸವಿ ಎರಡು ಸಾವಿರ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾವಿದ್ದದ್ದು ಚಳ್ಳಕೆರೆಯಲ್ಲಿ. ನಮ್ಮ ಮಾವನವರು ಮೊಳಕಾಲ್ಮುರು ಕಡೆಯವರು, ನಲವತ್ತು ವರ್ಷ ಕಿಲಾರಿಯಾಗಿದ್ದವರು. ನಮ್ಮ ಕಡೆ ದೇವರಿಗೆ ಬಿಟ್ಟ ಎತ್ತುಗಳ ಹಿಂಡು ಇರುತ್ತದೆ. ಅವಕ್ಕೆ ನೊಗ ಇಡುವಂತಿಲ್ಲ, ಮಾರುವಂತಿಲ್ಲ, ಕೋಲಲ್ಲಿ ಮುಟ್ಟಿಸುವಂತಿಲ್ಲ. ಆ ಹಿಂಡು ಕಾಯುವವನೇ ಕಿಲಾರಿ. ಅವುಗಳ ರೊಪ್ಪದೊಳಗೆ, ಅಂದರೆ ಬೇಲಿ ಕಟ್ಟಿದ ದೊಡ್ಡಿಯೊಳಗೆ, ಮಾವನವರು ಯಾವತ್ತೂ ಚಪ್ಪಲಿ ಮೆಟ್ಟಿ ಕಾಲಿಟ್ಟವರಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಹಿಂಡನ್ನು ದಾಯಾದಿ ತಮ್ಮನಿಗೆ ಒಪ್ಪಿಸಿ ನಮ್ಮ ಮನೆಗೆ ಬಂದರು. ಬಂದವರು ಗೋಡೆಗೆ ಮುಖ ಮಾಡಿ ಕೂತರು. ಸಕ್ಕರೆ ಕಾಯಿಲೆ ಬೇರೆ. ಒಂದು ಮುದ್ದೆ ಉಣ್ಣುತ್ತಿದ್ದವರು ಅರ್ಧಕ್ಕೆ ಇಳಿದರು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಮಾತ್ರೆಯೇ ಮುಳುವಾಗುತ್ತದೆ ಎಂದು ಡಾಕ್ಟರು ನನ್ನನ್ನೇ ಗದರಿದ್ದರು, ಮುದ್ದೆಯ ಇನ್ನರ್ಧ ನಾನು ಕದ್ದು ತಿಂದವಳ ಹಾಗೆ.

ಅಂಥದ್ದರಲ್ಲಿ ಬೇಸಿಗೆ ರಜೆಗೆಂದು ದುರ್ಗದ ಹಾಸ್ಟೆಲಿನಿಂದ ಬಂದ ಮಗಳು ಒಂದು ಆಟ ತಂದಳು. ದಪ್ಪನೆಯ ಜೆರಾಕ್ಸ್ ಪುಸ್ತಕ, ಹತ್ತಾರು ಮುಖದ ದಾಳಗಳು, ನೆಲಕ್ಕೆ ಹಾಸುವ ಡ್ರಾಯಿಂಗ್ ಶೀಟು. ಒಬ್ಬರು ಕತೆ ನಡೆಸಬೇಕು. ಮಿಕ್ಕವರು ಕತೆಯೊಳಗೆ ಒಬ್ಬೊಬ್ಬರು ಒಂದೊಂದು ವೇಷ ಹಾಕಬೇಕು. ಶೂರ, ಮಂತ್ರವಾದಿ, ಕಳ್ಳ, ಹೀಗೆ. "ಈಟಿ ಎಸೀತೀನಿ" ಎಂದರೆ ಸಾಲದು. ದಾಳ ಹೂಂ ಅನ್ನಬೇಕು. ನಡುವೆ ದೊಡ್ಡ ದೊಡ್ಡ ಪ್ರಾಣಿಗಳು ಅಡ್ಡ ಬರುತ್ತವೆ. ಕೊಂದರೆ ಅಂಕ, ಅಂಕ ಕೂಡಿದರೆ ಬಡ್ತಿ. ನಮ್ಮ ಮನೆಯವರ ಇಲಾಖೆಗಿಂತ ಬೇಗ ಬಡ್ತಿ ಸಿಗುತ್ತಿತ್ತು ಎಂಬುದನ್ನು ಬಿಟ್ಟರೆ ಆ ಆಟದಲ್ಲಿ ನನಗೆ ಕೆಟ್ಟದ್ದೇನೂ ಕಾಣಲಿಲ್ಲ. ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು.

ಆಡಲು ಮಗಳಿಗೆ ಸಿಕ್ಕಿದ್ದು ಪಕ್ಕದ ಮನೆ ಹುಡುಗಿ ಒಬ್ಬಳೇ. ಇನ್ನೊಬ್ಬರು ಬೇಕಿತ್ತು. ನನ್ನನ್ನು ಕರೆದಳು. ಅಡುಗೆಮನೆಯಲ್ಲಿ ನಾನಾಗಲೇ ನಾಲ್ಕು ವೇಷ ಹಾಕಿದ್ದೆ. ಕೊನೆಗೆ ತಾತನನ್ನೇ ಗೋಡೆಯಿಂದ ಈ ಕಡೆ ತಿರುಗಿಸಿದಳು.

"ತಾತ, ನೀನ್ಯಾರಾಗ್ತೀಯಾ? ರಾಜನಾ, ಮಂತ್ರವಾದಿನಾ?"

"ನಾನು ಕಿಲಾರಿ," ಎಂದರು.

"ಆಟದಾಗೆ ತಾತ."

"ಆಟದಾಗೂ."

ಮೂರನೆಯ ದಿನ ಆ ಪ್ರಾಣಿ ಬಂತು. ಪುಸ್ತಕದಲ್ಲಿ ಅದಕ್ಕೆ ಇಡೀ ಒಂದು ಪುಟ. ಮರದೆತ್ತರದ ಕತ್ತು, ಲಾರಿಗಳನ್ನು ಸಾಲಾಗಿ ನಿಲ್ಲಿಸಿದಂಥ ಮೈ, ಬರೀ ಸೊಪ್ಪು ತಿನ್ನುವ ಡೈನೋಸಾರು. ಬಾಲ ಬೀಸಿದರೆ ಐದಾರು ಜನ ಉರುಳುತ್ತಾರೆ, ಬೆದರಿದರೆ ಊರನ್ನೇ ತುಳಿಯುತ್ತದೆ. ಮಗಳು ದನಿ ಗಡುಸು ಮಾಡಿಕೊಂಡು ಓದಿದಳು. ಮಾವನವರು ಕಿವಿಗೆ ಕೈ ಆನಿಸಿಕೊಂಡು ಕೇಳಿದರು.

"ನೀರೆಲ್ಲಿ ಕುಡೀತದೆ?"

"ಬರ್ದಿಲ್ಲ ತಾತ."

"ಬಿಸಿಲಾಗೆ ಎಲ್ಲಿ ಮಲಗ್ತದೆ? ಮರಿ ಎಷ್ಟು ವರ್ಷಕ್ಕೆ ಹಾಕ್ತದೆ?"

"ಅದೂ ಬರ್ದಿಲ್ಲ."

"ಎಲ್ಲಿ ಹೊಡೆದ್ರೆ ಸಾಯ್ತದೆ ಅಂತ?"

"ಅದು ಐತೆ."

"ಐತಲ್ಲ. ಕೊಲ್ಲಾಕೆ ಒಂದು ಪುಟ, ಸಾಕಾಕೆ ಒಂದು ಸಾಲಿಲ್ಲ. ಈ ಪುಸ್ತಕ ಬರೆದೋನು ದನ ಕಂಡೋನಲ್ಲ ಬಿಡು."

ಆ ಮೈಗೆ ಕಾಡು ಒಗ್ಗುವುದಿಲ್ಲ, ಬಯಲು ಬೇಕು ಎಂದು ಹಟ ಹಿಡಿದು, ಪರದೇಶದ ದಟ್ಟ ಕಾಡನ್ನು ಅಳಿಸಿಸಿ, ಆಟವನ್ನು ದನ ಮೇಯುವ ನಮ್ಮ ಉಳ್ಳಾರ್ತಿ ಕಾವಲ್‌ಗೆ ಸಾಗಿಸಿದರು. ಮಗಳು ರಬ್ಬರ್ ಸವೆಸಿದಳು. ಶೂರರ ಬದಲಿಗೆ ಹುಣಸೆ ಬೀಜ ಇಟ್ಟಿದ್ದರು. ಪ್ರಾಣಿಯ ಬದಲಿಗೆ ಏನಿಡುವುದು? ಮಾವನವರು ನನ್ನ ತರಕಾರಿ ಬುಟ್ಟಿಯಿಂದ ಉದ್ದ ಕತ್ತಿನ ಬಲಿತ ಸೋರೆಕಾಯಿಯನ್ನು ಎತ್ತಿಕೊಂಡರು. ಎರಡು ಹೊತ್ತಿನ ಸಾರಿಗೆ ಆಗುವಂಥದ್ದು. ನಾನು ಬೇಡವೆನ್ನಲಿಲ್ಲ. ಏಕೆಂದರೆ ಅವತ್ತು ಅವರು ಒಂದು ಪೂರ್ತಿ ಮುದ್ದೆ ಉಂಡಿದ್ದರು.

ಆಮೇಲೆ ದಿನಾ ಮೇಯಿಸಿದ್ದೇ ಮೇಯಿಸಿದ್ದು. ಶೂರಳಾಗಿದ್ದ ಪಕ್ಕದ ಮನೆ ಹುಡುಗಿ ಒಮ್ಮೆ, ಶತ್ರುವಿನ ಕೋಟೆಯ ಬಾಗಿಲು ಒಡೆಯಲು ಅದನ್ನು ಬಳಸೋಣ ತಾತ, ಎಂದಳು. ಮಾವನವರು, ದುಡಿಮೆಗೆ ಹಚ್ಚಿದರೆ ನಾನು ಆಟ ಬಿಟ್ಟು ಏಳುತ್ತೇನೆ ಎಂದರು. ಒಂದು ಸೋಮವಾರ ಸೋರೆಕಾಯಿಗೆ ಅರಿಶಿನದ ದಾರ ಕಟ್ಟಿ, "ತಾಯಿ, ಒಂದು ಕರ್ಪೂರ ತಗಂಬಾ. ಇದನ್ನ ದೇವ್ರಿಗೆ ಬಿಡಾನ," ಎಂದರು.

ತಪ್ಪಾದದ್ದು ಅಲ್ಲೇ. ಕರ್ಪೂರ ಹಚ್ಚಿದವಳು ನಾನು. ದೇವರ ಹೆಸರೆತ್ತಿ ಕೇಳಿದರೆ ನಾನು ಇಲ್ಲವೆಂದವಳಲ್ಲ. ಜಟಿಂಗ ರಾಮೇಶ್ವರನನ್ನು ನೆನೆದು ಆರತಿ ಎತ್ತಿ, ಸೋರೆಕಾಯಿಗೆ ಕೈ ಮುಗಿದೇ ಬಂದೆ. ಹಾಗೆ ಮುಗಿದ ಮೇಲೆ ಅದು ತರಕಾರಿ ಎಂದು ಯಾವ ಬಾಯಿಂದ ಹೇಳಲಿ?

ಈಗ ಅದು ಸತ್ತಿತ್ತು. ಒಳಗೆ ಹೋಗಿ ನೋಡಿದೆ. ಆಟದ ನಿಯಮದಂತೆ ಸೋರೆಕಾಯಿಯನ್ನು ಮಗ್ಗುಲಿಗೆ ಮಲಗಿಸಿದ್ದರು. ಶೂರಳಿಗೆ ಬಡ್ತಿಗೆ ಸ್ವಲ್ಪ ಅಂಕ ಕಡಿಮೆ ಬಿದ್ದಿತ್ತಂತೆ. ತಮಾಷೆಗೆ ಈಟಿ ಎಸೆಯುತ್ತೇನೆ ಎಂದಳಂತೆ, ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬಿತ್ತಂತೆ. ಮಾವನವರು ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಮತ್ತೆ ಗೋಡೆಗೆ ತಿರುಗಿದ್ದರು.

"ಮಾವಾ, ಊಟಕ್ಕೆ ಹೊತ್ತಾತು. ಬೆಳಿಗ್ಗೆ ಮಾತ್ರೆ ತಗಂಡೀರಿ."

"ದೇವರೆತ್ತು ಬಿದ್ದೈತೆ ತಾಯಿ. ಮಣ್ಣು ಮಾಡಗಂಟ ಕಿಲಾರಿ ತುತ್ತು ಎತ್ತಂಗಿಲ್ಲ."

ಮಜ್ಜಿಗೆ ತಂದೆ, ಬೇಡ ಎಂದರು. ಗ್ಲುಕೋಸ್ ನೀರು ತಂದೆ, ಅದೂ ತುತ್ತೇ ಎಂದರು. ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಎದ್ದು ಬಂದು, ವಿಜ್ಞಾನದಿಂದ ಬಗೆಹರಿಸುತ್ತೇನೆ ಎಂದು ಪಕ್ಕದಲ್ಲಿ ಕೂತರು.

"ಅಪ್ಪಾ, ಅದು ದನ ಅಲ್ಲ. ಸರೀಸೃಪ. ನಮ್ ಹಲ್ಲಿ ಜಾತಿ."

"ಹಲ್ಲಿ ಹುಲ್ಲು ತಿಂತದೇನೋ?"

ಮನೆಯವರು ಎದ್ದು ಹೋಗಿ ಒಂಬತ್ತನೇ ಕ್ಲಾಸಿನ ಪುಸ್ತಕ ತೆಗೆದರು, ಹತ್ತನೇದು ತೆಗೆದರು. ಹುಲ್ಲು ತಿನ್ನುವ ಹಲ್ಲಿ ಸಿಗುವವರೆಗೆ ಅವರೂ ಊಟಕ್ಕೆ ಬರುವಂತಿರಲಿಲ್ಲ. ನಡುವೆ ಒಮ್ಮೆ ತಲೆ ಎತ್ತಿ, "ಎಂಥ ಮೂಢನಂಬಿಕೆ ಅಂತೀನಿ," ಎಂದರು. ಎಂದವರೇ ದನಿ ತಗ್ಗಿಸಿ, "ಹೂಳೋದಾದ್ರೆ ತಲೆ ಯಾವ ದಿಕ್ಕಿಗೆ?" ಎಂದು ನನ್ನನ್ನು ಕೇಳಿದರು.

ಹೂತರಾಯಿತು ಎಂದು ನಾನು ಗುದ್ದಲಿ ತಂದೆ. ಅದಕ್ಕೂ ತೊಡಕಿತ್ತು. ಗುಂಡಿಗೆ ಮೊದಲ ಹಿಡಿ ಮಣ್ಣು ರೊಪ್ಪದ್ದೇ ಆಗಬೇಕು, ಹಿಂಡು ಕಾಯುವವನೇ ಹಾಕಬೇಕು. ಅಂದರೆ ಊರಿಂದ ದಾಯಾದಿ ತಮ್ಮ ಬರಬೇಕು. ಮಗಳು ಎಸ್‌ಟಿಡಿ ಬೂತಿಗೆ ಓಡಿ, ಅವರೂರಿನ ಅಂಗಡಿಗೆ ಫೋನ್ ಮಾಡಿ, ತಾತ ಹೇಳಿಕೊಟ್ಟಷ್ಟನ್ನೇ ಹೇಳಿದಳು: ದೇವರೆತ್ತು ಹೋಗೈತೆ, ಮಣ್ಣು ತಗಂಡು ಬಾ.

ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಮಾವನವರ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಹೆಗಲ ಟವೆಲ್ ಹಿಡಿದ ಬೆರಳು ನಡುಗುತ್ತಿತ್ತು. ಡಾಕ್ಟರನ್ನು ಕರೆಯೋಣವೆಂದರೆ ಏನು ಹೇಳಿ ಕರೆಯುವುದು? ಪಕ್ಕದ ಮನೆ ಹುಡುಗಿಯ ಅಮ್ಮ ಸುದ್ದಿ ಕೇಳಿ ತಲೆ ಮೇಲೆ ಸೆರಗು ಎಳೆದುಕೊಂಡು ಬಂದರು. ಒಂದು ತಟ್ಟೆ ಖರ್ಜೂರ ತಂದು, "ಬಾಬಾ, ರೋಜಾದಾಗೂ ಕಾಯಿಲೆಯವ್ರಿಗೆ ಮಾಫಿ ಐತೆ," ಎಂದರು. ಮಾವನವರು ಕೈ ಮುಗಿದರು, ಮುಟ್ಟಲಿಲ್ಲ. ಕೊಂದವಳು ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ಕತೆ ನಡೆಸುವ ನನ್ನ ಮಗಳು ಮಾತ್ರ ನ್ಯಾಯಾಧೀಶೆಯ ಹಾಗೆ, "ನಿಯಮ ಅಂದ್ರೆ ನಿಯಮ. ಸತ್ತಿದ್ದು ಸತ್ತಂಗೇ," ಎಂದು ಕೂತಿದ್ದಳು.

ಮೂರರ ಬಸ್ಸಿಗೆ ಆ ದಾಯಾದಿ ತಮ್ಮ, ನನಗೆ ಚಿಕ್ಕಮಾವ, ಬಂದರು. ಕಂಕುಳಲ್ಲಿ ಕಂಬಳಿ, ಕೈಯಲ್ಲಿ ಕರವಸ್ತ್ರಕ್ಕೆ ಕಟ್ಟಿದ ಮಣ್ಣು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೇಳಿದರು:

"ಚಳ್ಳಕೆರೆಗೆ ನಮ್ಮೆತ್ತು ಯಾವಾಗ ಬಂತು? ಬೆಳಿಗ್ಗೆ ಎಣಿಸಿದ್ದೆ, ಎಲ್ಲಾ ಅದಾವೆ."

ಮಾವನವರು ಶೀಟಿನ ಕಡೆ ಬೆರಳು ತೋರಿಸಿದರು. ಚಿಕ್ಕಮಾವ ಬಗ್ಗಿ ಸೋರೆಕಾಯಿ ನೋಡಿದರು, ಹುಣಸೆ ಬೀಜ ನೋಡಿದರು, ಅಣ್ಣನ ನಡುಗುವ ಕೈ ನೋಡಿದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಬಿ.ಜಿ. ಕೆರೆ ಹಾದು ಉರಿಬಿಸಿಲಲ್ಲಿ ಬಸ್ಸಿನಲ್ಲಿ ನಿಂತೇ ಬಂದ ಮನುಷ್ಯ. ಬೈದರೂ ಬೈಸಿಕೊಳ್ಳಬೇಕು, ನಕ್ಕರಂತೂ ಮಾವನವರು ಇನ್ನು ಯಾವತ್ತೂ ಈ ಕಡೆ ತಿರುಗುವವರಲ್ಲ.

ಚಿಕ್ಕಮಾವ ನಗಲಿಲ್ಲ. ಕುಕ್ಕರುಗಾಲಲ್ಲಿ ಕೂತು ನನ್ನ ಮಗಳನ್ನು ಕೇಳಿದರು.

"ಏನು ತಿಂತಿತ್ತು?"

"ಚಿಗುರು. ಹುಲ್ಲು."

"ಯಾರ್ನಾರ ತುಳೀತಾ?"

"ತಾತ ಬಂದ್ಮೇಲೆ ಇಲ್ಲ."

"ದುಡಿಸಿದ್ರಾ?"

"ಇಲ್ಲ. ತಾತ ಬಿಡ್ಲಿಲ್ಲ."

"ದೇವ್ರಿಗೆ ಬಿಟ್ಟಿದ್ದಕ್ಕೆ ಯಾರು ಸಾಕ್ಷಿ?"

"ಕರ್ಪೂರ ನಾನೇ ಹಚ್ಚಿದ್ದು," ಎಂದೆ.

"ಮತ್ತೇನೈತೆ ಮಾತು. ಏಳಣ್ಣ," ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಹಿಂಡು ಒಂದು ಕಮ್ಮಿ ಆಗೈತೆ. ಕೊಂದೋರು ಒಂದು ಮರಿ ಬಿಡಬೇಕು. ನಮ್ಮ ಕಟ್ಟು ಅದು," ಎಂದರು.

ಮಗಳು ಪುಸ್ತಕ ತಿರುವಿದಳು. "ಮರಿದು ನಿಯಮ ಇಲ್ಲ ಚಿಕ್ಕತಾತ."

"ನಮ್ಮಾಗೆ ಐತೆ. ಬರ್ಕೋ."

ನಾನು ಹೆತ್ತ ಮಗಳು, ಅವಳ ಹಟ ನನಗೆ ಗೊತ್ತು. ಆದರೂ ಪೆನ್ ತೆಗೆದು, ಆ ಡೈನೋಸಾರಿನ ಪುಟದ ಕೆಳಗೆ ಕನ್ನಡದಲ್ಲಿ ಬರೆದಳು: ದೇವರಿಗೆ ಬಿಟ್ಟಿದ್ದನ್ನು ಕೊಂದವರಿಗೆ ಅಂಕವಿಲ್ಲ, ಮರಿ ತಂದು ಬಿಡಬೇಕು. ಪಕ್ಕದ ಮನೆ ಹುಡುಗಿ ಮೂಗು ಒರೆಸಿಕೊಂಡು, ಮರಿ ಹುಡುಕಲು ತನ್ನ ಶೂರಳನ್ನು ಕಾವಲಿನ ಆಚೆ ಅಂಚಿಗೆ ಹೊರಡಿಸಿದಳು. ಬಡ್ತಿ ಹೋಯಿತು.

ಹಿತ್ತಿಲ ನುಗ್ಗೆ ಮರದ ಬುಡದಲ್ಲಿ ಮೊಳದುದ್ದ ಗುಂಡಿ. ತೆಗೆದವರು ವಿಜ್ಞಾನದ ಮೇಷ್ಟ್ರು. ಚಿಕ್ಕಮಾವ ರೊಪ್ಪದ ಮಣ್ಣು ಹಾಕಿದರು. ಮಾವನವರು ಗೋಡೆ ಹಿಡಿದು ಬಂದು ಎರಡನೇ ಹಿಡಿ ಹಾಕಿ, "ಪೋಯಿರಾ ತಂಡ್ರೀ" ಎಂದು ತಮ್ಮ ಹಟ್ಟಿಯ ತೆಲುಗಿನಲ್ಲಿ ಅದಕ್ಕೆ ಹೋಗಿ ಬಾ ಹೇಳಿದರು. ನಾವೆಲ್ಲ ಕೈ ಮುಗಿದೆವು. ಕಾಂಪೌಂಡಿನ ಆಚೆಯಿಂದ ಮೆಕ್ಯಾನಿಕ್ ಸಾಹೇಬರು, "ಏನ್ ಮೇಷ್ಟ್ರೇ, ಗಿಡ ಹಾಕ್ತಿದೀರಾ?" ಎಂದರು. ಮನೆಯವರು "ಹೌದ್ರಿ" ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನ್ನೆದುರು ಹೇಳಿದ ಮೊದಲ ಸುಳ್ಳು ಎಂದುಕೊಂಡಿದ್ದೇನೆ.

ನಾಲ್ಕೂವರೆಗೆ ಮಾವನವರು ತಟ್ಟೆಗೆ ಕೂತರು. ಮೊದಲ ತುತ್ತು ನುಂಗುವಾಗ ಕೈ ನಡುಗಿತು, ಎರಡನೆಯದಕ್ಕೆ ಕಡಿಮೆಯಾಯಿತು. ಒಂದು ಮುದ್ದೆ ಮುಗಿಸಿ ಇನ್ನರ್ಧ ಹಾಕಿಸಿಕೊಂಡರು. ಚಿಕ್ಕಮಾವ ಮೂರು ಉಂಡು, ಸಾರು ಸೊರ್ರೆಂದು ಎಳೆದು, "ಲೇ ಅಣ್ಣಾ, ಮುಂದಿನ ಸಲ ಸಣ್ಣ ಪ್ರಾಣಿ ಸಾಕು. ಬಸ್ಸಿನಾಗೆ ಜಾಗ ಇರಂಗಿಲ್ಲ," ಎಂದರು. ಮಾವನವರು ನಕ್ಕರು. ಊರು ಬಿಟ್ಟು ಬಂದ ಮೇಲೆ ಅವರ ಹಲ್ಲು ಕಂಡದ್ದು ಅವತ್ತೇ.

ಮಾತ್ರೆ ಮುಳುವಾಗಲಿಲ್ಲ, ಬಂದ ಮನುಷ್ಯ ನಗಲಿಲ್ಲ, ರಾಗಿ ಹಿಟ್ಟು ಸಾಕಾಯಿತು. ಇಷ್ಟು ಕೊಟ್ಟವನನ್ನು ಇನ್ನೇನು ಕೇಳುವುದು? ಮುದ್ದೆ ಪಾತ್ರೆಯ ತಳ ಹತ್ತಿತ್ತು. ನೀರು ಹಾಕಿ ನೆನೆಸಿ, ಬೂದಿ ತೆಗೆದುಕೊಂಡು ಉಜ್ಜಲು ಕೂತೆ.