ಡಿಸ್ಟೆಂಪರ್ ಗೋಡೆಯ ಎಣ್ಣೆ ಕಲೆ

ಆ ಹೆಂಗಸನ್ನು ನಾನು ಕ್ಷಮಿಸಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಚಳ್ಳಕೆರೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊಳಕಾಲ್ಮುರು ಕಡೆಯ ನಮ್ಮ ಹಳ್ಳಿಯಿಂದ ಅವ್ವನನ್ನೂ ಕರೆತಂದು, ಒಬ್ಬ ಎಣ್ಣೆ ವ್ಯಾಪಾರಿಯ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆ. ಮುಂಭಾಗದಲ್ಲಿ ಅವರ ಸಂಸಾರ. ವ್ಯಾಪಾರಿಯ ಹೆಂಡತಿ ಹೇಳದೆ ಕೇಳದೆ ನಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿದ್ದಳು. ನಮ್ಮ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು. ನಾವು ಬರುವ ಮುಂಚೆಯಷ್ಟೇ ತಿಳಿನೀಲಿ ಡಿಸ್ಟೆಂಪರ್ ಬಣ್ಣ ಹೊಡೆಸಿದ್ದರು.

ಅವ್ವ ಜೀವಮಾನವೆಲ್ಲ ಶೇಂಗಾ ಹೊಲಗಳಲ್ಲಿ ಕೂಲಿ ಮಾಡಿದವಳು. ತಲೆಗೆ ಹರಳೆಣ್ಣೆ ಹಚ್ಚಿ, ಮಧ್ಯಾಹ್ನ ಮಂಚದ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದಳು. ಒಮ್ಮೆ ಈ ಗೋಡೆಗೆ, ಒಮ್ಮೆ ಕಿಟಕಿಯ ಪಕ್ಕದ ಗೋಡೆಗೆ. ಕೆಲವೇ ತಿಂಗಳಲ್ಲಿ ಎರಡೂ ಕಡೆ ಅಂಗೈಯಗಲದ ಕಪ್ಪು ಕಲೆ ಮೂಡಿತು.

ಒಂದು ಸಂಜೆ ಶಾಲೆಯಿಂದ ಬಂದಾಗ ಅವ್ವ ಮಂಚದ ಮೇಲೆ ನಿಂತು ಸೋಪಿನ ಪುಡಿ, ತೆಂಗಿನ ನಾರು ಹಿಡಿದು ಗೋಡೆ ಉಜ್ಜುತ್ತಿದ್ದಳು. ನೀಲಿ ನೀರು ಅವಳ ಮೊಣಕೈಯಿಂದ ಇಳಿದು ಸೀರೆಗೆಲ್ಲ ಆಗಿತ್ತು. ಕಲೆಯಿದ್ದ ಕಡೆ ಬಣ್ಣವೇ ಕಿತ್ತು ಬಂದು ಒಳಗಿನ ಸುಣ್ಣ ಕಾಣುತ್ತಿತ್ತು. ವ್ಯಾಪಾರಿಯ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ನೋಡ್ರಿ ಟೀಚರಮ್ಮ, ನಿಮ್ಮವ್ವ ಗೋಡೆ ಹಾಳು ಮಾಡ್ಬಿಟ್ಲು. ಮಣ್ಣಿನ ಗೋಡೆಲಿದ್ದೋರಿಗೆ ಪೇಂಟಿನ ಮನೆ ಕೊಟ್ರೆ ಹಿಂಗೇ."

ಅವ್ವ ಸಣ್ಣ ದನಿಯಲ್ಲಿ, "ಅಮ್ಮಾರು ಉಜ್ಜು ಅಂದ್ರು, ಉಜ್ಜಿದೆ," ಅಂದಳು.

"ನೀವೇ ಉಜ್ಜು ಅಂದು ನೀವೇ ಹಾಳಾಯ್ತು ಅಂತೀರೇನ್ರಿ? ನಾನಿಲ್ದಾಗ ಒಳಗೆ ಬಂದು ನಮ್ಮವ್ವನ ಕೈಲಿ ಕೆಲಸ ಮಾಡಿಸೋಕೆ ನೀವ್ಯಾರು?"

"ಮನೆ ನಮ್ದು," ಎಂದಳು ಆಕೆ. "ಕಿಟಕಿ ಹತ್ರಾನೂ ಐತೆ ನೋಡು. ನಾಳೆ ಅದ್ನೂ ಉಜ್ಜಿಸು."

ಉಜ್ಜಿಸಲಿಲ್ಲ. ಆ ವಾರ ನಮ್ಮ ಶಾಲೆಯ ಕಪ್ಪುಹಲಗೆಗಳಿಗೆ ಬಣ್ಣ ಹಚ್ಚಲು ಒಬ್ಬ ವಯಸ್ಸಾದ ಸಾಬರು ಬಂದಿದ್ದರು. ಅವರನ್ನು ಕೇಳಿದೆ. ಅವರು ಬ್ರಷ್ಷು ಕೆಳಗಿಟ್ಟು ನಕ್ಕರು.

"ಡಿಸ್ಟೆಂಪರ್‌ಗೆ ನೀರೇ ದುಶ್ಮನ್ ಟೀಚರ್. ಆಯಿಲ್ ಪೇಂಟಾದ್ರೆ ಸೋಪಿನ ನೀರಲ್ಲಿ ಒರೆಸಬೋದು. ಇದನ್ನ ನೀರು ತಾಕಿಸ್ದೆ ಒಣಬಟ್ಟೇಲೇ ಒರೆಸ್ಬೇಕು. ಮೊದ್ಲು ಪೆಟ್ಟಿಗೆ ಹಿಂದೆ, ಕಾಣದ ಜಾಗದಲ್ಲಿ ಮಾಡಿ ನೋಡ್ರಿ. ಬಣ್ಣ ಬಟ್ಟೆಗೆ ಹತ್ತಿದ್ರೆ ಅಲ್ಲಿಗೇ ನಿಲ್ಸಿಬಿಡ್ರಿ."

ಭಾನುವಾರ ಬಾಗಿಲು ಪೂರ್ತಿ ತೆರೆದಿಟ್ಟೇ ಕೆಲಸಕ್ಕೆ ಕೂತೆ. ಆಕೆ ನೋಡಲಿ ಎಂಬ ಹಟ. ಪೊರಕೆಗೆ ಹಳೆಯ ಪಂಚೆ ಸುತ್ತಿ ಮೇಲಿನಿಂದ ಕೆಳಗೆ ಧೂಳು ತೆಗೆದೆ. ಬೆರಳಿನ ಗುರುತುಗಳನ್ನು ಮೆತ್ತನೆಯ ರಬ್ಬರಿನಿಂದ, ಒತ್ತದೆ, ಒಂದೇ ದಿಕ್ಕಿಗೆ ಅಳಿಸಿದೆ. ಕಿಟಕಿಯ ಪಕ್ಕದ ಎಣ್ಣೆ ಕಲೆಗೆ, ಸಾಬರು ಹೇಳಿಕೊಟ್ಟಂತೆ, ಸೀಮೆಸುಣ್ಣವನ್ನು ನುಣ್ಣಗೆ ಪುಡಿಮಾಡಿ ಒತ್ತಿಟ್ಟು, ಮರುದಿನ ಮೆತ್ತನೆಯ ಬ್ರಷ್ಷಿನಿಂದ ಉದುರಿಸಿದೆ. ಹೀಗೆ ನಾಲ್ಕು ಸಲ. ಕಲೆ ಪೂರ್ತಿ ಹೋಗಲಿಲ್ಲ, ಆದರೆ ತಿಳಿದವರಿಗೆ ಮಾತ್ರ ಕಾಣುವಷ್ಟಾಯಿತು. ಬಣ್ಣ ಒಂದಿಷ್ಟೂ ಮುಕ್ಕಾಗಲಿಲ್ಲ. ಅವ್ವ ಪಕ್ಕದಲ್ಲೇ ಕೂತು ಎಲ್ಲವನ್ನೂ ನೋಡಿ ಕಲಿತಳು.

ಆಕೆ ಬಂದು ಗೋಡೆಯ ಮೇಲೆ ಕೈಯಾಡಿಸಿದಳು. ಹೊಗಳಲಿಲ್ಲ. "ನಮ್ ಪಡಸಾಲೆಲೂ ಹಿಂಗೇ ಆಗೈತೆ. ನಿಮ್ಮವ್ವನ್ನ ಕಳ್ಸು, ಮಾಡ್ಕೊಡ್ಲಿ."

"ನಮ್ಮವ್ವ ನಿಮ್ಮ ಮನೆ ಆಳಲ್ಲ ಕಣ್ರಿ."

"ಹಂಗಾದ್ರೆ ಹೆಂಗ್ ಮಾಡಿದೆ ಅಂತ ಹೇಳು."

"ಒರೆಸಿದೆ ಅಷ್ಟೆ," ಎಂದೆ.

ಎರಡು ದಿನಕ್ಕೆ ಗೋಡೆಯಾಚೆ ನಾರು ಉಜ್ಜುವ ಸದ್ದು ಕೇಳಿಸಿತು. ಆಕೆ ತನ್ನ ಮನೆಯ ಪಾತ್ರೆ ತೊಳೆಯುವವಳ ಕೈಯಲ್ಲಿ ಮಾಡಿಸುತ್ತಿದ್ದಳು. ಅವ್ವ ಎದ್ದು ನಿಂತಳು.

"ಹೇಳಿ ಬರ್ತೀನಿ, ಬಣ್ಣ ಕಿತ್ತೋಗ್ತೈತೆ."

ನಾನು ಅವಳ ಕೈ ಹಿಡಿದುಕೊಂಡೆ. "ಕೂತ್ಕೋ. ಹೋಗ್ಲಿ."

"ಆ ಕೆಲಸದವ್ಳನ್ನ ಬೈತಾಳೆ ಕಣೇ!"

ನನಗೆ ಅದು ಹೊಳೆದೇ ಇರಲಿಲ್ಲ. ಹೊಳೆದ ಮೇಲೂ ನಾನು ಕೈ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆಯ ಕಿರುಚಾಟ ಶುರುವಾಯಿತು. ನನ್ನವ್ವನಿಗೆ ಆಡಿದ ಮಾತುಗಳೇ ಆ ಕೆಲಸದವಳಿಗೂ ಬಿದ್ದವು. ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ. ಬಿಡಿಸಿದರೋ ತಾನೇ ಬಿಟ್ಟಳೋ ತಿಳಿಯಲಿಲ್ಲ.

ಮೂರನೆಯ ದಿನ ಅವ್ವ ಅನ್ನ ಬಡಿಸುತ್ತಾ, "ನಿಂಗೂ ಆ ಅಮ್ಮಾರಿಗೂ ಏನ್ ಫರಕು?" ಎಂದಳು.

ಮುಂದಿನ ತಿಂಗಳೇ ಬೇರೆ ಮನೆ ಹಿಡಿದೆವು. ಕೆಲವು ವರ್ಷಗಳ ಮೇಲೆ ರಾಂಪುರಕ್ಕೆ ವರ್ಗವಾಯಿತು. ಯಾವುದೋ ಕೆಲಸಕ್ಕೆ ಚಳ್ಳಕೆರೆಗೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಆ ವ್ಯಾಪಾರಿಯ ಹೆಂಡತಿ ಸಿಕ್ಕಳು, ಮುದುಕಿಯಾಗಿದ್ದಳು.

"ನಿಮ್ಮವ್ವ ಹೆಂಗೈದಾಳೆ ಟೀಚರಮ್ಮ?" ಎಂದಳು.

"ಚೆನ್ನಾಗೈದಾಳೆ," ಎಂದೆ. ಆಕೆಯ ಯೋಗಕ್ಷೇಮ ಕೇಳದೆ ಬಸ್ಸು ಹತ್ತಿದೆ.